ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ ಬಹುಭಾಷಿಕ ಮಕ್ಕಳು: ಪಾಲಕರು ತಿಳಿದಿರಬೇಕಾದ ಸಂಗತಿಗಳು

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆಯ ಪ್ರವೇಶ ಆರಂಭವಾದೊಡನೆ ನಮ್ಮ ಮೇಜಿನ ಮುಂದೆ ನಿಲ್ಲುವ ಪಾಲಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ, ಹುಡುಗನ್ನ ಕನ್ನಡ ಸಾಲಿಗೆ ಹಾಕಿದ್ರ ಮುಂದ ಹೆಂಗ್ರಿ? ಮರಾಠಿ ಬರೂದಿಲ್ಲ, ಇಂಗ್ಲಿಷ್ ಬರೂದಿಲ್ಲ, ನೌಕರಿ ಹೆಂಗ ಸಿಗತೈತ್ರಿ?" ಈ ಪ್ರಶ್ನೆಯನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಮಳೆ ನಂಬದ ನೆಲದಲ್ಲಿ ಮಕ್ಕಳ ಓದನ್ನೇ ನಂಬಿ ಬದುಕುವ ತಂದೆತಾಯಿಗಳ ಪ್ರಶ್ನೆ ಅದು. ಆದರೆ ಆ ಪ್ರಶ್ನೆಯೊಳಗೆ ಒಂದು ತಪ್ಪು ತಿಳುವಳಿಕೆ ಅಡಗಿದೆ. ಕನ್ನಡ ಕಲಿತರೆ ಉಳಿದ ಭಾಷೆಗಳು ಬರುವುದಿಲ್ಲ, ಮಗುವಿನ ತಲೆಯಲ್ಲಿ ಒಂದು ಭಾಷೆಗೆ ಮಾತ್ರ ಜಾಗವಿದೆ ಎಂಬುದೇ ಆ ತಿಳುವಳಿಕೆ. ಇದು ಹೇಗೆ ತಪ್ಪು, ನಮ್ಮ ಮಕ್ಕಳು ಮೂರು ನಾಲ್ಕು ಭಾಷೆಗಳನ್ನು ಗಟ್ಟಿಯಾಗಿ ಕಲಿಯಲು ಮನೆ ಮತ್ತು ಶಾಲೆ ಏನು ಮಾಡಬೇಕು, ಕಾನೂನು ನಮಗೆ ಏನನ್ನು ಕೊಟ್ಟಿದೆ ಎಂಬುದನ್ನು ಇಲ್ಲಿ ಒಂದೆಡೆ ಸಂಗ್ರಹಿಸಿದ್ದೇವೆ.

ನಾವು ಎಲ್ಲಿಗೂ ಹೋಗದೆ ಹೊರನಾಡಿಗರಾದವರು

ಬಹುಭಾಷಿಕ ಮಕ್ಕಳ ಪಾಲನೆ ಎಂದೊಡನೆ ಅಮೆರಿಕ, ಇಂಗ್ಲೆಂಡ್, ದುಬೈಗಳಲ್ಲಿ ನೆಲೆಸಿದ ಕುಟುಂಬಗಳು ನೆನಪಾಗುತ್ತವೆ. ಅಲ್ಲಿಯ ಕನ್ನಡಿಗರು ವಾರವೆಲ್ಲ ದುಡಿದು, ರಜೆಯ ದಿನ ಮಕ್ಕಳನ್ನು ಕಾರಿನಲ್ಲಿ ಕೂಡಿಸಿಕೊಂಡು ದೂರದ ಕನ್ನಡ ಕೂಟದ 'ಕನ್ನಡ ಕಲಿ' ತರಗತಿಗೆ ಕರೆದೊಯ್ಯುತ್ತಾರೆ. ಮಗು ಅಲ್ಲಿ ಒಂದೆರಡು ಗಂಟೆ ಅಕ್ಷರ ತಿದ್ದಿ ಮರಳಿ ಇಂಗ್ಲಿಷಿನ ಕಡಲಿಗೆ ಇಳಿಯುತ್ತದೆ.

ಜತ್ತ ತಾಲೂಕಿನ ಕುಟುಂಬ ಎಲ್ಲಿಗೂ ಹೋಗಿಲ್ಲ. ಡಫಳೆ ಮನೆತನದ ಆಳ್ವಿಕೆಯಲ್ಲಿದ್ದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತ ಮುಂಬಯಿಯಲ್ಲೇ ಉಳಿಯಿತು. 1960ರ ಮೇ 1ರಂದು ಅದು ಮಹಾರಾಷ್ಟ್ರದ ಭಾಗವಾಯಿತು. ಮಹಾಜನ ಆಯೋಗ 1967ರಲ್ಲಿ ವರದಿ ನೀಡಿತು. ಮಹಾರಾಷ್ಟ್ರ ಸರ್ಕಾರ 2004ರಲ್ಲಿ ಗಡಿ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಆ ವ್ಯಾಜ್ಯ ತನ್ನ ದಾರಿಯಲ್ಲಿ ಸಾಗಲಿ. ಮಗುವಿನ ಬಾಲ್ಯ ಮಾತ್ರ ತೀರ್ಪಿಗಾಗಿ ಕಾಯುವುದಿಲ್ಲ. ಇಂದು ಒಂದನೆಯ ಇಯತ್ತೆಗೆ ಬಂದ ಮಗು ಹತ್ತು ವರ್ಷಗಳಲ್ಲಿ ಹತ್ತನೆಯದನ್ನು ಮುಗಿಸಿರುತ್ತದೆ.

2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಯಿಸಿದವರು ಸುಮಾರು 10 ಲಕ್ಷ ಜನ. ಉಮದಿ, ಸಂಖ, ಬಿಳೂರು, ಮಾಡಗ್ಯಾಳ, ಗುಡ್ಡಾಪುರಗಳ ಕಡೆಗೆ ಸಂತೆಯ ಮಾತು, ಜಾತ್ರೆಯ ಮಾತು, ಒಲೆಯ ಮುಂದಿನ ಮಾತು ಇಂದಿಗೂ ಕನ್ನಡ. ಹೊರದೇಶದ ಕನ್ನಡಿಗರು ಹಣ ಮತ್ತು ಸಮಯ ತೆತ್ತು ಕಟ್ಟಿಕೊಳ್ಳುತ್ತಿರುವುದು, ಎಂದರೆ ಅಜ್ಜಿ, ಓಣಿಯ ಗೆಳೆಯರು, ಕನ್ನಡದಲ್ಲಿ ಗಣಿತ ಹೇಳುವ ಶಾಲೆ, ಇವೆಲ್ಲ ನಮಗೆ ಬಾಗಿಲಲ್ಲೇ ಇವೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವೇ ಅದನ್ನು ಕಡೆಗಣಿಸುತ್ತಿದ್ದೇವೆ.

ಕುಪವಾಡದ ಪಾಠ

ಬಹುಭಾಷಿಕತೆಯ ಅಧ್ಯಯನದಲ್ಲಿ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಒಂದು ಊರು ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಇಂದು ಸಾಂಗಲಿ, ಮಿರಜ ಮತ್ತು ಕುಪವಾಡ ಮಹಾನಗರಪಾಲಿಕೆಯ ಭಾಗವಾಗಿರುವ ಕುಪವಾಡವೇ ಆ ಊರು. ಅಮೆರಿಕದ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿ ಅಧ್ಯಯನ ನಡೆಸಿ 1971ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿದೆ.

ಅವರು ಕಂಡ ಕುಪವಾಡ ಸುಮಾರು ಮೂರು ಸಾವಿರ ಜನರ ಹಳ್ಳಿ. ಅಲ್ಲಿ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಮತ್ತೆ ಕೆಲವರದು ಮರಾಠಿ, ಹಗ್ಗ ಹೊಸೆಯುವ ಕೆಲವು ಮನೆಗಳದು ತೆಲುಗು. ನೂರಾರು ವರ್ಷ ಒಟ್ಟಿಗೆ ಬಾಳಿದ ಫಲವಾಗಿ ಈ ಭಾಷೆಗಳ ವಾಕ್ಯರಚನೆ ಒಂದನ್ನೊಂದು ಹೋಲತೊಡಗಿತ್ತು. ನಮ್ಮ ಕಡೆಯ ಮಾತನ್ನೇ ನೋಡಿ: 'ನೀರು ತುಂಬಿ ತಗೊಂಡು ಬಾ' ಎಂಬುದಕ್ಕೂ 'ಪಾಣೀ ಭರೂನ ಘೇಊನ ಯೇ' ಎಂಬುದಕ್ಕೂ ಪದಗಳ ಸಾಲು ಒಂದೇ. ಶಬ್ದ ಬದಲಾದರೆ ಭಾಷೆ ಬದಲಾಯಿತು.

ಇಷ್ಟು ಹತ್ತಿರವಾದ ಭಾಷೆಗಳು ಏಕೆ ಬೆರೆತು ಒಂದಾಗಲಿಲ್ಲ? ಸಂಶೋಧಕರು ಕೊಟ್ಟ ಉತ್ತರ ಪ್ರತಿಯೊಬ್ಬ ಪಾಲಕನೂ ನೆನಪಿಡತಕ್ಕದ್ದು. ಹೊಲದಲ್ಲಿ, ಅಂಗಡಿಯಲ್ಲಿ, ಪಂಚಾಯತಿಯಲ್ಲಿ ಜನ ಪರಸ್ಪರರ ಭಾಷೆಯನ್ನೂ ಎಲ್ಲರಿಗೂ ಸಮಾನವಾದ ಮರಾಠಿಯನ್ನೂ ಆಡುತ್ತಿದ್ದರು. ಆದರೆ ಮನೆಯೊಳಗೆ, ಬಂಧುಗಳ ನಡುವೆ, ತಮ್ಮ ತಮ್ಮ ಮಾತನ್ನೇ ಇಟ್ಟುಕೊಂಡಿದ್ದರು. ಹೊರಗಿನ ಬಹುಭಾಷೆ ಮನೆಯ ಭಾಷೆಯನ್ನು ನುಂಗಲಿಲ್ಲ.

ಕಥೆಗೆ ಎರಡನೆಯ ಭಾಗವೂ ಇದೆ. ಸುಮಾರು ನಾಲ್ಕು ದಶಕಗಳ ಬಳಿಕ ಪುಣೆಯ ಡೆಕ್ಕನ್ ಕಾಲೇಜಿನ ಭಾಷಾವಿಜ್ಞಾನಿ ಸೋನಲ್ ಕುಲಕರ್ಣಿ-ಜೋಶಿ ಅದೇ ಊರನ್ನು ಮತ್ತೆ ಅಧ್ಯಯನ ಮಾಡಿದರು. ಹಳೆಯ ತೀರ್ಮಾನಗಳನ್ನು ಮರುಪರಿಶೀಲಿಸಿದ ಅವರು ಭಾಷಾವಾರು ರಾಜ್ಯಗಳ ರಚನೆಯ ನಂತರ ಮರಾಠಿಯ ಪ್ರಾಬಲ್ಯ ಹೆಚ್ಚಿದ್ದನ್ನು ಗುರುತಿಸಿದರು. ಶಾಲೆ, ಕಚೇರಿ, ನೌಕರಿ ಎಲ್ಲವೂ ಒಂದೇ ಭಾಷೆಯ ಕಡೆಗೆ ವಾಲಿದಾಗ ಮನೆಯ ಬಾಗಿಲೊಂದೇ ಭಾಷೆಯನ್ನು ಕಾಯಲಾರದು. ಆದುದರಿಂದ ನಮ್ಮ ತಾಲೂಕಿನ ಪಾಲಕರಿಗೆ ಎರಡೂ ಬೇಕು: ಮನೆಯಲ್ಲಿ ಕನ್ನಡದ ಮಾತು, ಶಾಲೆಯಲ್ಲಿ ಕನ್ನಡದ ಓದು.

ಸಂಶೋಧನೆ ಹೇಳುವುದೇನು?

ಹಲವು ಭಾಷೆ ಕಲಿತರೆ ಮಗುವಿನ ಬುದ್ಧಿ ಮಂಕಾಗುತ್ತದೆಂದು ಒಂದು ಕಾಲದಲ್ಲಿ ವಿದ್ವಾಂಸರೇ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್, ಎರಡು ಭಾಷೆ ಬಲ್ಲ ಮಕ್ಕಳು ಬುದ್ಧಿಪರೀಕ್ಷೆಗಳಲ್ಲಿ ಹಿಂದೆ ಬೀಳುವುದಿರಲಿ, ಮುಂದೆಯೇ ಇದ್ದಾರೆ ಎಂದು ತೋರಿಸಿದರು. ಆ ಹಳೆಯ ನಂಬಿಕೆ ಅಲ್ಲಿಂದ ಸಡಿಲಗೊಂಡಿತು.

ಕೆನಡಾದವರೇ ಆದ ಜಿಮ್ ಕಮಿನ್ಸ್ ಅವರ ವಿಚಾರ ಶಿಕ್ಷಕರಾದ ನಮಗೆ ಇನ್ನೂ ಉಪಯುಕ್ತ. ಒಂದು ಭಾಷೆಯಲ್ಲಿ ಗಳಿಸಿದ ಓದುವ, ಯೋಚಿಸುವ ಶಕ್ತಿ ಇನ್ನೊಂದು ಭಾಷೆಗೂ ಹರಿಯುತ್ತದೆ ಎಂಬುದು ಅವರ ಸಿದ್ಧಾಂತದ ಸಾರ. ಕನ್ನಡದಲ್ಲಿ ಓದಿದ್ದನ್ನು ಅರ್ಥಮಾಡಿಕೊಂಡು ತನ್ನ ಮಾತಿನಲ್ಲಿ ಹೇಳಬಲ್ಲ ಮಗು, ಮರಾಠಿ ಓದಲು ಕುಳಿತಾಗ ಹೊಸ ಲಿಪಿಯನ್ನೂ ಹೊಸ ಶಬ್ದಗಳನ್ನೂ ಮಾತ್ರ ಕಲಿಯಬೇಕು. ಓದುವುದು ಎಂದರೇನು ಎಂಬುದನ್ನು ಅದು ಮತ್ತೆ ಕಲಿಯಬೇಕಾಗಿಲ್ಲ. ಅವರು ತೋರಿಸಿದ ಇನ್ನೊಂದು ಭೇದವೂ ಮುಖ್ಯವಾದುದು. ಹೊಸ ಭಾಷೆಯಲ್ಲಿ ಆಟದ, ಅಂಗಡಿಯ ಮಾತು ಸುಮಾರು ಎರಡು ವರ್ಷಗಳಲ್ಲಿ ಬರುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. 'ನಮ್ಮ ಹುಡುಗ ಮರಾಠಿ ಚಲೋ ಮಾತಾಡ್ತಾನ' ಎಂಬ ಒಂದೇ ಕಾರಣಕ್ಕೆ ಅವನನ್ನು ಮಧ್ಯದಲ್ಲಿ ಮರಾಠಿ ಮಾಧ್ಯಮಕ್ಕೆ ಸೇರಿಸಿದಾಗ ಅವನು ವಿಜ್ಞಾನ, ಗಣಿತಗಳಲ್ಲಿ ಏಕೆ ಕುಸಿಯುತ್ತಾನೆ ಎಂಬುದಕ್ಕೆ ಇದೇ ವಿವರಣೆ.

ಬೆಲ್ಜಿಯಂ ದೇಶದ ಆನಿಕ್ ಡಿ ಹೌವರ್ ಸುಮಾರು 1,900 ದ್ವಿಭಾಷಿಕ ಕುಟುಂಬಗಳ ಮಾಹಿತಿಯನ್ನು 2007ರಲ್ಲಿ ಪ್ರಕಟಿಸಿದರು. ಎರಡು ಭಾಷೆ ಕೇಳಿ ಬೆಳೆದ ಮಕ್ಕಳಿದ್ದ ಮನೆಗಳಲ್ಲಿ ಸುಮಾರು ಕಾಲುಭಾಗದಷ್ಟರಲ್ಲಿ ಮಕ್ಕಳು ಅಲ್ಪಸಂಖ್ಯಾತ ಭಾಷೆಯನ್ನು ಆಡುತ್ತಲೇ ಇರಲಿಲ್ಲ. ತಂದೆತಾಯಿ ಇಬ್ಬರೂ ಮನೆಯಲ್ಲಿ ಆ ಭಾಷೆಯನ್ನು ಬಳಸುತ್ತಿದ್ದ ಕಡೆ ಅದು ಹೆಚ್ಚು ಉಳಿದಿತ್ತು. ಕೇಳಿಸಿಕೊಂಡಷ್ಟರಿಂದಲೇ ಭಾಷೆ ತಾನಾಗಿ ಬರುತ್ತದೆ ಎಂಬ ಭರವಸೆ ಸಾಲದು. ಬಲವಾದ ಭಾಷೆಯನ್ನು ಬೀದಿ, ಟಿವಿ, ಕಚೇರಿ ಕಲಿಸುತ್ತವೆ. ದುರ್ಬಲ ಸ್ಥಾನದಲ್ಲಿರುವ ಭಾಷೆಯನ್ನು ಮನೆಯೇ ಕಲಿಸಬೇಕು.

ವಯಸ್ಸಿಗೆ ತಕ್ಕಂತೆ ಮನೆಯ ಕೆಲಸ

ಹುಟ್ಟಿನಿಂದ ಮೂರು ವರ್ಷ. ಈ ಕಾಲದಲ್ಲಿ ಮಗುವಿಗೆ ಬೇಕಾದುದು ಮಾತಿನ ಸಮೃದ್ಧಿ. ಎಣ್ಣೆ ಹಚ್ಚುವಾಗ, ನೀರು ಹಾಕುವಾಗ, ರೊಟ್ಟಿ ಬಡಿಯುವಾಗ ಮಗುವಿನೊಡನೆ ಮಾತಾಡುತ್ತಲೇ ಇರಬೇಕು. ಮೊಬೈಲು ಮಾತಾಡುತ್ತದೆ, ಆದರೆ ಮಗುವಿಗೆ ಉತ್ತರ ಕೊಡುವುದಿಲ್ಲ. ಆದ್ದರಿಂದ ಅದು ಆಯಿಯ ಜಾಗ ತುಂಬಲಾರದು. ಗಡಿಭಾಗದಲ್ಲಿ ತಾಯಿ ಮರಾಠಿ ಮನೆಯಿಂದ, ತಂದೆ ಕನ್ನಡ ಮನೆಯಿಂದ ಬಂದ ಕುಟುಂಬಗಳು ಅನೇಕ. ಅಂಥ ಮನೆಗೆ ಬಂದ ಸೊಸೆ ತನ್ನ ತವರಿನ ಮಾತನ್ನು ಬಿಡಬೇಕಾಗಿಲ್ಲ. ತಾಯಿ ಮರಾಠಿಯಲ್ಲಿ, ತಂದೆ ಮತ್ತು ಅಜ್ಜ ಅಜ್ಜಿ ಕನ್ನಡದಲ್ಲಿ ತಪ್ಪದೆ ಮಾತಾಡಿದರೆ ಮಗು ಎರಡನ್ನೂ ಕಲಿಯುತ್ತದೆ. ಫ್ರಾನ್ಸಿನ ಭಾಷಾವಿಜ್ಞಾನಿ ಜೂಲ್ ರೋಂಜಾ ತನ್ನ ಮಗನನ್ನು ಇದೇ ರೀತಿ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಬೆಳೆಸಿ 1913ರಲ್ಲಿ ಪುಸ್ತಕ ಬರೆದರು. 'ಒಬ್ಬರಿಗೆ ಒಂದು ಭಾಷೆ' ಎಂಬ ಪದ್ಧತಿ ಪ್ರಸಿದ್ಧವಾದುದು ಅಲ್ಲಿಂದ.

ಎರಡು ಭಾಷೆ ಕೇಳುವುದರಿಂದ ಮಗುವಿನ ಮಾತು ನಿಲ್ಲುವುದಿಲ್ಲ. ಒಂದೂವರೆ ವರ್ಷವಾದರೂ ಒಂದೂ ಪದ ಆಡದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸದಿದ್ದರೆ, 'ಮನ್ಯಾಗ ಎರಡು ಭಾಷಾ ಐತಿ, ಅದಕ್ಕ ತಡಾ' ಎಂದು ಸುಮ್ಮನಿರಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಇಂಥ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಪರಿಣತ ಸಂಸ್ಥೆಗಳಿವೆ.

ಮೂರರಿಂದ ಆರು ವರ್ಷ. ಅಂಗನವಾಡಿಯ ಈ ವಯಸ್ಸಿನಲ್ಲಿ ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುತ್ತದೆ. ಅದು ಗೊಂದಲದ ಲಕ್ಷಣವಲ್ಲ, ಕೈಗೆ ಸಿಕ್ಕ ಶಬ್ದವನ್ನು ಬಳಸುವ ಜಾಣತನ. ನಗಬೇಡಿ, ಗದರಬೇಡಿ. ಮಗು 'ಅವ್ವಾ, ಚಿಮಣೀ ಬಂತು' ಎಂದರೆ 'ಹೌದಪ್ಪಾ, ಗುಬ್ಬಿ ಬಂತು, ಎಷ್ಟ ಸಣ್ಣ ಗುಬ್ಬಿ ನೋಡು' ಎಂದು ಸರಿಯಾದ ಶಬ್ದ ಹಾಕಿ ಮಾತು ಮುಂದುವರಿಸಿ. ಕಥೆ, ಒಗಟು, ಗಾದೆ, ಬೀಸುವ ಪದಗಳಿಗೆ ಇದೇ ಕಾಲ.

ಆರರಿಂದ ಹತ್ತು ವರ್ಷ. ಭಾಷೆ ಕಿವಿಯಿಂದ ಕಣ್ಣಿಗೆ ದಾಟುವ ಘಟ್ಟವಿದು. ನಮ್ಮ ಅನುಭವದಲ್ಲಿ ಕನ್ನಡ ಕಳೆದುಹೋಗುವುದೂ ಇಲ್ಲಿಯೇ. ಮಾತಾಡಬಲ್ಲ, ಓದಲಾರದ ಮಗು ತನ್ನ ಭಾಷೆಯನ್ನು ಕ್ರಮೇಣ ಅಡುಗೆಮನೆಯ ಭಾಷೆ ಎಂದು ಭಾವಿಸತೊಡಗುತ್ತದೆ. ದಿನಕ್ಕೆ ಹದಿನೈದು ನಿಮಿಷ ಮಗು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಮನೆಯವರೊಬ್ಬರು ಕೇಳಲಿ. ತಾಯಿಗೆ ಓದು ಬಾರದಿದ್ದರೂ ಕೇಳಲು ಬರುತ್ತದೆ. 'ಮುಂದೇನಾತು?' ಎಂಬ ಆಕೆಯ ಒಂದು ಪ್ರಶ್ನೆ ಶಿಕ್ಷಕರ ಹತ್ತು ಪ್ರಶ್ನೆಗಳಿಗೆ ಸಮ. ಪುಸ್ತಕಗಳಿಗೆ ಹಣವಿಲ್ಲದಿದ್ದರೆ ಬಾಲಭಾರತಿಯ ಕನ್ನಡ ಪಠ್ಯಗಳೂ ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ಜಾಲತಾಣದ ಚಿತ್ರಕಥೆಗಳೂ ಮೊಬೈಲಿನಲ್ಲಿ ಉಚಿತವಾಗಿ ದೊರೆಯುತ್ತವೆ. ಅದರಲ್ಲಿ ಒಂದೇ ಕಥೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುವುದುಂಟು. ಕನ್ನಡದಲ್ಲಿ ಓದಿದ ಕಥೆಯನ್ನು ಮರಾಠಿಯಲ್ಲಿ ಓದಿಸುವುದು ಭಾಷೆ ಕಲಿಸುವ ಅತಿ ಅಗ್ಗದ, ಅತಿ ಫಲಕಾರಿ ವಿಧಾನ.

ಹನ್ನೊಂದರಿಂದ ಹದಿನೈದು ವರ್ಷ. ಈ ವಯಸ್ಸಿನಲ್ಲಿ ಸಂಕೋಚ ಬರುತ್ತದೆ. ಜತ್ತ ಪಟ್ಟಣಕ್ಕೋ ಸಾಂಗಲಿಗೋ ಹೋದಾಗ ಅವ್ವ ಕನ್ನಡದಲ್ಲಿ ಕರೆದರೆ ಮಗ ಮುಖ ತಿರುಗಿಸುವುದನ್ನು ನಾವು ಕಂಡಿದ್ದೇವೆ. ಬೈದರೆ ಪ್ರಯೋಜನವಿಲ್ಲ, ಕೆಲಸ ಕೊಡಬೇಕು. ಪಂಚಾಯತಿಯ ಮರಾಠಿ ನೋಟಿಸನ್ನು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳುವುದು, ಅಜ್ಜಿಯ ಹಾಡುಗಳನ್ನು ಬರೆದುಕೊಳ್ಳುವುದು, ತಮ್ಮ ತಂಗಿಯರಿಗೆ ಮರಾಠಿ ಕಲಿಸುವುದು. ಎರಡು ಭಾಷೆ ಬಲ್ಲವನೇ ಊರಿಗೆ ಬೇಕಾದವನು ಎಂದು ಅವನಿಗೆ ಅನುಭವದಿಂದ ತಿಳಿಯಲಿ.

ಕಬ್ಬು ಕಡಿಯಲು ಗ್ಯಾಂಗಿನೊಡನೆ ಹೋಗುವ ಕುಟುಂಬಗಳಿಗೆ ಒಂದು ಮಾತು. ಅರ್ಧ ವರ್ಷ ಊರು ಬಿಟ್ಟ ಮಗು ಭಾಷೆಯನ್ನೂ ಇಯತ್ತೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಸಾಧ್ಯವಾದರೆ ಮಗುವನ್ನು ಅಜ್ಜಿಯ ಬಳಿ ಅಥವಾ ಊರಿನ ಹಂಗಾಮಿ ವಸತಿಗೃಹದ ವ್ಯವಸ್ಥೆಯಲ್ಲಿ ಬಿಡಿ. ಕರೆದೊಯ್ಯಲೇಬೇಕಾದರೆ ಶಾಲೆಯಿಂದ ಶಿಕ್ಷಣ ಹಮೀ ಪತ್ರವನ್ನೂ ಕನ್ನಡ ಪುಸ್ತಕಗಳನ್ನೂ ಪಡೆದು ಹೋಗಿ.

ಮರಾಠಿಯನ್ನು ಚೆನ್ನಾಗಿ ಕಲಿಸೋಣ

ಮರಾಠಿ ನಮ್ಮ ರಾಜ್ಯದ ಭಾಷೆ, ನೆರೆಯವರ ಭಾಷೆ, ನಮ್ಮ ಬದುಕಿನ ಭಾಷೆ. ಅದನ್ನು ಅರೆಬರೆ ಕಲಿಸುವ ಕನ್ನಡ ಶಾಲೆ ತನ್ನ ಬೇರನ್ನು ತಾನೇ ಕಡಿದುಕೊಳ್ಳುತ್ತದೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ ವಿಷಯ. ಇದನ್ನು ಹೊರೆ ಎಂದು ಭಾವಿಸುವ ಕಾರಣವಿಲ್ಲ. ನಮ್ಮ ಮಕ್ಕಳಿಗೆ ತೊಡಕಾಗುವ ಜಾಗಗಳು ಯಾವುವೆಂದು ತಿಳಿದರೆ ಸಾಕು.

ಒಂದು, ಲಿಂಗ. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕ. ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗ, ದಿವಾ ಪುಲ್ಲಿಂಗ, ಘರ ನಪುಂಸಕಲಿಂಗ. ಆದ್ದರಿಂದ ನಾಮಪದವನ್ನು ಒಂಟಿಯಾಗಿ ಕಲಿಸದೆ 'ತೀ ಖುರ್ಚೀ, ತೋ ದಿವಾ, ತೇ ಘರ' ಎಂದು ಜೊತೆಯಾಗಿ ಕಲಿಸಬೇಕು.

ಎರಡು, ಉಚ್ಚಾರ. ಮರಾಠಿಯ ಚ, ಜ ಅಕ್ಷರಗಳಿಗೆ ಎರಡೆರಡು ಧ್ವನಿಗಳಿವೆ. ಬರಹದಲ್ಲಿ ಭೇದವಿಲ್ಲ, ಕಿವಿಯಿಂದಲೇ ಕಲಿಯಬೇಕು. ಕನ್ನಡದ ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘ ಭೇದ ದೇವನಾಗರಿಯ ಮರಾಠಿ ಬರಹದಲ್ಲಿಲ್ಲ.

ಮೂರು, ಒಂದೇ ಧ್ವನಿಯ ಬೇರೆ ಅರ್ಥದ ಶಬ್ದಗಳು. ನಮ್ಮ ತಾಯಿ ಹೆತ್ತವಳು, ಅವರ 'ತಾಈ' ಅಕ್ಕ. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಅವರಲ್ಲಿ 'ಆಈ' ಎಂದರೆ ತಾಯಿ. ನಮ್ಮ ಬಾಯಿ ಮುಖದಲ್ಲಿದೆ, ಅವರ 'ಬಾಈ' ಹೆಂಗಸು. ತರಗತಿಯಲ್ಲಿ ಇಂಥ ಜೋಡಿಗಳನ್ನು ಹುಡುಕುವ ಆಟ ಆಡಿಸಿದರೆ ಮಕ್ಕಳು ನಗುತ್ತ ಕಲಿಯುತ್ತಾರೆ. ಹಾಗೆಯೇ ಅಣ್ಣಾ, ಅಕ್ಕಾ, ಅಪ್ಪಾ, ಅಡಕಿತ್ತಾ ಮೊದಲಾದವು ಕನ್ನಡದಿಂದ ಮರಾಠಿಗೆ ಹೋದ ಶಬ್ದಗಳೆಂದು ಹೇಳಿದರೆ ಅವರ ಬೆನ್ನು ನೆಟ್ಟಗಾಗುತ್ತದೆ.

ನಾಲ್ಕು, ಸಂಖ್ಯೆ. ಕನ್ನಡದ ಇಪ್ಪತ್ತೈದು ಎಂಬುದರಲ್ಲಿ ಹತ್ತರ ಸ್ಥಾನ ಮೊದಲು, ಬರೆಯುವ ಕ್ರಮವೂ ಅದೇ. ಮರಾಠಿಯ 'ಪಂಚವೀಸ'ದಲ್ಲಿ ಐದು ಮೊದಲು. 'ಏಕೋಣತೀಸ' ಎಂದರೆ ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕ 'ವೀಸ ಪಾಚ' ಎಂಬ ಕ್ರಮವನ್ನು ತಂದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯಾದುದನ್ನು ಪಾಲಕರು ನೆನೆಯಬಹುದು. ಕನ್ನಡದ ಮಗುವಿಗೆ ಆ ತೊಡಕಿಲ್ಲ. ಮೊದಲ ಗಣಿತಕ್ಕೆ ಕನ್ನಡ ಸರಳ ದಾರಿ. ಮರಾಠಿ ಸಂಖ್ಯೆಗಳನ್ನು ಅನಂತರ ಸಂತೆಯ ಲೆಕ್ಕದೊಡನೆ ಕಲಿಸಿದರಾಯಿತು.

ಇಂಗ್ಲಿಷ್ ಮತ್ತು ಮಾಧ್ಯಮದ ಆಯ್ಕೆ

ಇಂಗ್ಲಿಷ್ ಬೇಕು. ಅದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಇಂಗ್ಲಿಷನ್ನು ಕಲಿಯುವುದು ಬೇರೆ, ತಿಳಿಯದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ ಎಂಬುದಷ್ಟೇ ನಮ್ಮ ವಾದ. ಮನೆಯಲ್ಲಿ ಯಾರೂ ಆಡದ, ಓಣಿಯಲ್ಲಿ ಯಾರೂ ಕೇಳದ ಭಾಷೆಯಲ್ಲಿ ಆರು ವರ್ಷದ ಮಗು ಪರಿಸರ ಪಾಠ ಓದಿದರೆ ಬಾಯಿಪಾಠವಾಗುತ್ತದೆ, ಅರ್ಥವಾಗುವುದಿಲ್ಲ. ಮಾಧ್ಯಮಿಕ ಹಂತದಲ್ಲಿ ಸೆಮಿ ಇಂಗ್ಲಿಷ್ ಅನುಕೂಲವಿದ್ದರೆ, ಕನ್ನಡದಲ್ಲಿ ಬುನಾದಿ ಗಟ್ಟಿಯಾದ ಮಗು ಅದನ್ನು ಧೈರ್ಯವಾಗಿ ಎದುರಿಸಬಲ್ಲದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ, ಮೇಲಾಗಿ ಎಂಟನೆಯವರೆಗೆ, ಮನೆಮಾತಿನಲ್ಲಿ ಬೋಧನೆ ಇರಲಿ ಎನ್ನುತ್ತದೆ.

2025ರಲ್ಲಿ ಒಂದನೆಯ ಇಯತ್ತೆಯಿಂದ ಹಿಂದಿಯನ್ನು ಮೂರನೆಯ ಭಾಷೆಯಾಗಿ ತರುವ ಆದೇಶ ಹೊರಟಾಗ ಮಹಾರಾಷ್ಟ್ರದ ಮರಾಠಿ ಸಾಹಿತಿಗಳು, ಶಿಕ್ಷಣತಜ್ಞರು, ಪಾಲಕರು ವಿರೋಧಿಸಿದರು. ಎಳೆಯ ಮಗು ಮೊದಲು ತನ್ನ ಭಾಷೆಯಲ್ಲಿ ನೆಲೆಗೊಳ್ಳಲಿ ಎಂಬುದು ಅವರ ವಾದಗಳಲ್ಲಿ ಮುಖ್ಯವಾದುದು. ಸರ್ಕಾರ ಜೂನ್ 29ರಂದು ಆ ಆದೇಶವನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಮರಾಠಿ ಮಗುವಿಗೆ ನ್ಯಾಯವಾದದ್ದು ಕನ್ನಡ ಮಗುವಿಗೂ ನ್ಯಾಯವೇ. ನಾವು ಕೇಳುತ್ತಿರುವುದು ಇಷ್ಟೇ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕನ್ನಡ ಶಾಲೆಯಲ್ಲಿ ಸಂಬಳ ಪಡೆದು ಸ್ವಂತ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳಿಸುವವರು ಶಿಕ್ಷಕರಲ್ಲೂ ಇದ್ದಾರೆ. ಅಂಥವರ ಭಾಷಣವನ್ನು ಪಾಲಕರು ಹೇಗೆ ನಂಬಿಯಾರು?

ಕಾನೂನು ಕೊಟ್ಟ ಹಕ್ಕುಗಳು

ಕನ್ನಡ ಶಾಲೆ ಯಾರ ಔದಾರ್ಯವೂ ಅಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುತ್ತದೆ. ಜಿಲ್ಲಾ ಪರಿಷತ್ತು ಅಂಥ ಸ್ಥಳೀಯ ಸಂಸ್ಥೆ. 350-ಬಿ ವಿಧಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. 29 ಮತ್ತು 30ನೆಯ ವಿಧಿಗಳು ಭಾಷೆಯನ್ನು ಕಾಪಾಡಿಕೊಳ್ಳುವ, ಸ್ವಂತ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಡುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು, ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಲಿ ಎನ್ನುತ್ತದೆ.

1949ರ ಆಗಸ್ಟಿನಲ್ಲಿ ನಡೆದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಸ್ಪಷ್ಟ ಅಳತೆಯನ್ನೂ ಕೊಟ್ಟಿತು. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳ ಮಾತೃಭಾಷೆ ಬೇರೆಯಾಗಿದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕು ಎಂದು. ಆದರೆ ಕನ್ನಡ ಓದಲು ಬಾರದ ಶಿಕ್ಷಕರು ಕನ್ನಡ ಶಾಲೆಗೆ ಬಂದು ಕುಳಿತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರೂ ಸಂಕಟಪಟ್ಟರು, ಮಕ್ಕಳೂ ಸಂಕಟಪಟ್ಟರು.

ಇದನ್ನು ಪ್ರಶ್ನಿಸುವ ವೇದಿಕೆ ಊರಲ್ಲೇ ಇದೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಕಾನೂನು. ಸಭೆಗೆ ಹೋಗಿ, ಠರಾವು ಬರೆಯಿಸಿ, ಪ್ರತಿಯನ್ನು ಪಂಚಾಯತ ಸಮಿತಿಯ ಶಿಕ್ಷಣಾಧಿಕಾರಿಗೂ ಜಿಲ್ಲಾ ಪರಿಷತ್ತಿಗೂ ಕಳಿಸಿ ಪೋಚ್ ಪಡೆಯಿರಿ. ಬಾಯಿಮಾತಿನ ತಕರಾರು ಗಾಳಿಗೆ ಹೋಗುತ್ತದೆ, ಠರಾವು ಕಡತದಲ್ಲಿ ಉಳಿಯುತ್ತದೆ. ಜೊತೆಗೆ ಪಟಸಂಖ್ಯೆಯ ಮೇಲೆಯೇ ಸಂಚ ಮಾನ್ಯತೆ ನಿಂತಿದೆ ಎಂಬುದನ್ನು ಮರೆಯಬಾರದು. ಒಂದು ಮನೆ ಒಂದು ಮಗುವನ್ನು ಬೇರೆಡೆ ಕಳಿಸಿದಾಗ ಉಳಿದ ಮಕ್ಕಳ ಶಿಕ್ಷಕರ ಹುದ್ದೆಯೂ ಅಲ್ಲಾಡುತ್ತದೆ.

ಹತ್ತನೆಯದರ ನಂತರ

ಮಹಾರಾಷ್ಟ್ರದ ಹತ್ತನೆಯ ಬೋರ್ಡ್ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಅನಂತರದ ಕಿರಿಯ ಮಹಾವಿದ್ಯಾಲಯಗಳು ನಮ್ಮ ಕಡೆ ಬಹುತೇಕ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದವು. ಆದ್ದರಿಂದ ಎಂಟನೆಯ ಇಯತ್ತೆಯಿಂದಲೇ ವಿಜ್ಞಾನ, ಗಣಿತದ ಪರಿಭಾಷೆಯನ್ನು ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಅಂಕಣಗಳಲ್ಲಿ ಬರೆದುಕೊಳ್ಳುವ ವಹಿಯನ್ನು ಪ್ರತಿ ಮಗುವೂ ಇಡಬೇಕು. ಹನ್ನೊಂದನೆಯ ತರಗತಿಯ ಮೊದಲ ಆರು ತಿಂಗಳ ತ್ರಾಸು ಅರ್ಧ ಇಳಿಯುತ್ತದೆ.

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಗಡಹಿಂಗ್ಲಜಗಳೊಡನೆ ಜತ್ತ ತಾಲೂಕಿನ ಹೆಸರೂ ಅದರಲ್ಲಿದೆ. ವಾಸ ಮತ್ತು ವ್ಯಾಸಂಗದ ದಾಖಲೆಗಳು ಬೇಕು, ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ಆದುದರಿಂದ ಶಾಲೆಯ ದಾಖಲೆಯಲ್ಲಿ ಮಗುವಿನ ಮಾತೃಭಾಷೆ 'ಕನ್ನಡ' ಎಂದು ಸರಿಯಾಗಿ ನಮೂದಾಗಿದೆಯೇ ಎಂದು ಒಂದನೆಯ ಇಯತ್ತೆಯಲ್ಲೇ ನೋಡಿಕೊಳ್ಳಿ. ನೀಟ್ ಪರೀಕ್ಷೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಅರ್ಜಿ ತುಂಬುವಾಗ ಕೇಂದ್ರದ ಆಯ್ಕೆಯನ್ನು ಎಚ್ಚರದಿಂದ ಮಾಡಬೇಕು. ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ 2024ರಿಂದ ಕನ್ನಡ, ಮರಾಠಿ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಎಲ್ಲ ನಿಯಮಗಳಿಗೂ ಆಯಾ ವರ್ಷದ ಪ್ರಕಟಣೆಯೇ ಪ್ರಮಾಣ.

ನಮ್ಮ ಮಣ್ಣಿನ ಮಾದರಿ

ಭಾಷೆಗಳು ಒಂದನ್ನೊಂದು ಕೊಲ್ಲಬೇಕಾಗಿಲ್ಲ ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆ ಕನ್ನಡದ ವರಕವಿಯಾದರು, ಸೊಲ್ಲಾಪುರದ ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದರು, ಮರಾಠಿಯಲ್ಲೂ ಬರೆದರು. ನಮ್ಮ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರ ಅನುಭಾವವನ್ನೂ ಕನ್ನಡ ಸಾಹಿತ್ಯದಲ್ಲಿ ಕಂಡ ಪರಮಾರ್ಥದ ದಾರಿಯನ್ನೂ ಇಂಗ್ಲಿಷಿನಲ್ಲಿ ಗ್ರಂಥಗಳಾಗಿ ಬರೆದರು. ಗುಡ್ಡಾಪುರದ ದಾನಮ್ಮದೇವಿಯ ಗುಡಿಗೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ಯಾವ ಭಾಷೆಯಲ್ಲಿ ಹರಕೆ ಹೊತ್ತೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ಜೂನ್ ತಿಂಗಳ ಆ ಪಾಲಕರಿಗೆ ನಮ್ಮ ಉತ್ತರವೇನು? ಮಗುವನ್ನು ಕನ್ನಡ ಶಾಲೆಗೆ ಸೇರಿಸಿ, ಮನೆಯಲ್ಲಿ ಕನ್ನಡದಲ್ಲಿ ಮಾತಾಡಿ, ಕನ್ನಡದಲ್ಲಿ ಓದಿಸಿ. ಮರಾಠಿಯನ್ನು ಪ್ರೀತಿಯಿಂದ ಕಲಿಸಲು, ಇಂಗ್ಲಿಷನ್ನು ಗಟ್ಟಿಯಾಗಿ ಕಲಿಸಲು ನಮ್ಮನ್ನು ಒತ್ತಾಯಿಸಿ. ನಾವು ಕಲಿಸದಿದ್ದರೆ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳಿ. ಸೇರಿಸುವುದು ನಿಮ್ಮ ಕೆಲಸ, ಕಲಿಸಿ ತೋರಿಸುವುದು ನಮ್ಮದು. ಈ ಎರಡರಲ್ಲಿ ಒಂದು ತಪ್ಪಿದರೂ ಕನ್ನಡ ಶಾಲೆಯ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯಿಸುವುದು ಎಷ್ಟು ಕಷ್ಟವೆಂಬುದು ಗಡಿಯಲ್ಲಿ ಬಾಳಿದ ನಮಗೆ ಬೇರೆಯವರು ಹೇಳಬೇಕಾಗಿಲ್ಲ.